ಸ್ಟಿಯರಿಂಗ್‌ನಲ್ಲಿದ್ದದ್ದು ಒಂದು ಶಬ್ದವಲ್ಲ, ಎರಡು

2025ರ ನವೆಂಬರ್ 4ರ ಸಂಜೆ ಕಾರು ರಿಪೇರಿಯಾಗಿ ಮನೆಗೆ ಬಂತು. ಅಂದಿನಿಂದ ದಿನವೂ ಓಡಿಸುತ್ತಿದ್ದೇನೆ, ಶಬ್ದ ಮರಳಿಲ್ಲ. ಮೂರು ತಿಂಗಳು ನಾನು ಪಟ್ಟ ಪಾಡಿನಲ್ಲಿ ಅರ್ಧದಷ್ಟಾದರೂ, ಯಾರಾದರೂ ಮೊದಲೇ ಎರಡು ಮಾತು ಹೇಳಿದ್ದರೆ ತಪ್ಪುತ್ತಿತ್ತು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನದು 2022ರ ನವೆಂಬರ್‌ನಲ್ಲಿ ಕೊಂಡ ಎಲೆಕ್ಟ್ರಿಕ್ ಕಾರು. ಮೈಸೂರಿನ ಕುವೆಂಪುನಗರದ ಮನೆಯಿಂದ ನಂಜನಗೂಡಿನ ಬ್ಯಾಂಕ್ ಶಾಖೆಗೆ ಹೋಗಿಬರುವುದು ಅದರ ನಿತ್ಯದ ಕೆಲಸ. ಆಗಸ್ಟ್ ಹೊತ್ತಿಗೆ 41,000 ಕಿಲೋಮೀಟರ್ ಓಡಿತ್ತು. ಅಲ್ಲಿಯವರೆಗೆ ಟಯರ್ ಬದಲಿಸಿದ್ದು ಬಿಟ್ಟರೆ ಬೇರೆ ಖರ್ಚು ಕಂಡಿರಲಿಲ್ಲ.

ನಾಗರ ಪಂಚಮಿಯ ಜನಜಂಗುಳಿ ಕಳೆದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ ಅಮ್ಮನನ್ನು ಕರೆದುಕೊಂಡು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಮರಳುವಾಗ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುತ್ತಿದ್ದೆವು. ಮಳೆ ಹಿಡಿದು ಸುರಿಯುತ್ತಿತ್ತು. ಡಾಂಬರು ಕಿತ್ತುಹೋದ ಒಂದು ತುಂಡು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಸ್ಟಿಯರಿಂಗ್ ಹಿಡಿದ ಅಂಗೈಗೆ ‘ಲಟಕ್’ ಎಂದು ಏನೋ ಬಡಿದಂತಾಯಿತು. ಮುಂದಿನ ಗುಂಡಿಗೆ ಇನ್ನೊಮ್ಮೆ. ಕಿವಿಗೆ ಕೇಳಿಸಿದ್ದಕ್ಕಿಂತ ಕೈಗೆ ತಿಳಿದದ್ದೇ ಹೆಚ್ಚು. ಪಕ್ಕದಲ್ಲಿದ್ದ ಅಮ್ಮನಿಗೂ ಕೇಳಿಸಿತ್ತು. ‘ಏನದು, ಏನಾದರೂ ಕಳಚಿಕೊಂಡಿತೇ?’ ಎಂದರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಹಿಂದೆ ಲಾರಿ. ಬ್ರೇಕ್ ಹೋದರೆ ಏನು ಮಾಡಬೇಕೆಂದು ಚಾಲನಾ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಸ್ಟಿಯರಿಂಗ್ ಕೈಕೊಟ್ಟರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮಡಿಕೇರಿ ಮುಟ್ಟುವವರೆಗೆ ಇಬ್ಬರೂ ಮಾತನಾಡಲಿಲ್ಲ.

ಮೈಸೂರಿಗೆ ಬಂದು ನಾಲ್ಕೈದು ದಿನ ಬಿಸಿಲು ಬಿದ್ದ ಮೇಲೆ, ಮನೆಯ ಮುಂದೆ ಕಾರು ತಿರುಗಿಸುವಾಗ ಬೇರೆಯದೇ ಸದ್ದು ಬಂತು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ‘ಕಿರ್ರ್’ ಎಂದು ಶುರುವಾಗಿ ಕೊನೆಯಲ್ಲಿ ‘ಟೊಂಯ್’ ಎಂದು ತಂತಿ ಮೀಟಿದಂತೆ ನಿಲ್ಲುತ್ತಿತ್ತು. ಇದೂ ಅದೂ ಒಂದೇ ದೋಷ, ಈಗ ಹೆಚ್ಚಾಗಿದೆ ಎಂದು ತಿಳಿದುಕೊಂಡೆ. ಮುಂದಿನ ಎರಡು ತಿಂಗಳ ಅಲೆದಾಟಕ್ಕೆ ಈ ತಪ್ಪು ತಿಳಿವಳಿಕೆಯೇ ಮೂಲ.

ಸರ್ವಿಸ್ ಕೇಂದ್ರದಲ್ಲಿ ಸಮಯ ಸಿಕ್ಕಿದ್ದು ಆರು ದಿನಗಳ ನಂತರ. ‘ಸ್ಟಿಯರಿಂಗ್‌ನಲ್ಲಿ ಶಬ್ದ’ ಎಂದಷ್ಟೇ ಹೇಳಿದೆ, ಜಾಬ್ ಕಾರ್ಡ್‌ನಲ್ಲಿ ಅವರೂ ಅಷ್ಟನ್ನೇ ಬರೆದುಕೊಂಡರು. ಸಂಜೆ ನಾನು ಹೋದಾಗ ಕಾರು ತೊಳೆದು ಹೊಳೆಯುತ್ತಿತ್ತು. ಸಿಬ್ಬಂದಿಯೊಬ್ಬರು ನನ್ನನ್ನು ಕೂರಿಸಿಕೊಂಡು ಎರಡು ಸುತ್ತು ಹೋದರು. ಒಂದು ಸದ್ದೂ ಇಲ್ಲ. ‘ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಸದ್ದು ಇದನ್ನೆಲ್ಲ ಮುಚ್ಚಿಬಿಡುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಸಣ್ಣದೂ ಕೇಳಿಸುತ್ತದೆ, ಇದು ಸಹಜ’ ಎಂದರು. ಎಂಜಿನ್ ಇಲ್ಲದಿರುವುದರಿಂದ ಸಣ್ಣ ಸದ್ದೂ ಕೇಳಿಸುತ್ತದೆ ಎಂಬುದು ನಿಜವೇ. ಆದರೆ ಕೇಳಿಸುವ ಸದ್ದು ಸಹಜ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಏನೋ ಗ್ರೀಸ್ ಸಿಂಪಡಿಸಿ 450 ರೂಪಾಯಿ ತೆಗೆದುಕೊಂಡರು.

ಒಂಬತ್ತು ದಿನ ನೆಮ್ಮದಿ. ಹತ್ತನೆಯ ದಿನ, ಒಣ ಬಿಸಿಲಿನ ಮಧ್ಯಾಹ್ನ, ಶಾಖೆಯ ಎದುರು ಕಾರು ಹಿಂದಕ್ಕೆ ತೆಗೆಯುವಾಗ ಅದೇ ‘ಕಿರ್ರ್… ಟೊಂಯ್’.

ಸೆಪ್ಟೆಂಬರ್ ಮೊದಲ ವಾರದಲ್ಲಿ ಎರಡನೆಯ ಬಾರಿ ಹೋದೆ. ಈ ಸಲ ಗುಂಡಿಯ ಶಬ್ದವನ್ನು ಒತ್ತಿ ಹೇಳಿದೆ. ಮುಂಭಾಗದ ಎರಡೂ ಲಿಂಕ್ ರಾಡ್ (ಕಾರು ಒಂದು ಬದಿಗೆ ವಾಲದಂತೆ ತಡೆಯುವ ಸ್ಟೆಬಿಲೈಸರ್ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಕಡ್ಡಿಗಳು) ಸವೆದಿವೆ, ಬದಲಿಸಬೇಕು, ಅವು ಸವೆಯುವ ಭಾಗಗಳಾದ್ದರಿಂದ ವಾರಂಟಿ ಬರುವುದಿಲ್ಲ ಎಂದರು. ಬಿಡಿಭಾಗಕ್ಕೆ 1,500, ಅದರ ಮೇಲೆ ಆಗಿನ 28 ಶೇಕಡ ಜಿಎಸ್‌ಟಿ, ಕೂಲಿ ಮತ್ತು ಅದರ ತೆರಿಗೆ ಸೇರಿ 2,746 ರೂಪಾಯಿ. ಹಳೆಯ ರಾಡುಗಳನ್ನು ನಾನು ಕೇಳಿ ಪಡೆಯಲಿಲ್ಲ. ನೀವು ಖಂಡಿತ ಕೇಳಿ. ಅವುಗಳ ತುದಿಯ ಗುಂಡು ಕೀಲನ್ನು ಕೈಯಲ್ಲಿ ಅಲ್ಲಾಡಿಸಿದರೆ ಸವೆದಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಹಣ ಕೊಟ್ಟವರಿಗೆ ಹಳೆಯ ಭಾಗ ನೋಡುವ ಹಕ್ಕಿದೆ.

ಸರ್ವಿಸ್ ಕೇಂದ್ರದ ಗೇಟು ದಾಟುವಾಗ ಸಿಗುವ ಮೊದಲ ಹಂಪ್‌ನಲ್ಲೇ ‘ಲಟಕ್’ ಎಂದಿತು. ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಸುಮ್ಮನೆ ಕುಳಿತೆ. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂದಿತ್ತು. ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ. ವಾರಂಟಿ ನವೆಂಬರ್ 14ಕ್ಕೆ ಮುಗಿಯುತ್ತದೆ. ಕಾರಣ ಸಿಗದೆ ಆ ದಿನ ದಾಟಿಬಿಟ್ಟರೆ ಮುಂದಿನದೆಲ್ಲ ನನ್ನ ತಲೆಗೆ. ಅಮ್ಮನಂತೂ ‘ಇದರಲ್ಲಿ ನಾನು ಕೂರುವುದಿಲ್ಲ’ ಎಂದು ಆಗಲೇ ಹೇಳಿಯಾಗಿತ್ತು.

ಅಂದು ರಾತ್ರಿ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯತೊಡಗಿದೆ. ದಿನಾಂಕ, ಹವಾಮಾನ, ಕಾರು ನಿಂತಿತ್ತೋ ಓಡುತ್ತಿತ್ತೋ, ಎಡಕ್ಕೋ ಬಲಕ್ಕೋ, ಸದ್ದು ಎಂಥದು, ಕೈಗೆ ತಿಳಿಯಿತೋ ಕಿವಿಗೋ. ಹತ್ತು ದಿನ ಬಿಡದೆ ಬರೆದ ಮೇಲೆ ಪುಟವೇ ಮಾತನಾಡಿತು. ‘ಟೊಂಯ್’ ಬರುತ್ತಿದ್ದದ್ದು ಒಣಗಿದ ದಿನಗಳಲ್ಲಿ, ಕಾರು ನಿಂತಿರುವಾಗ ಅಥವಾ ನಡಿಗೆಯ ವೇಗದಲ್ಲಿ, ಸ್ಟಿಯರಿಂಗ್ ಹೆಚ್ಚು ತಿರುಗಿಸಿದಾಗ ಮಾತ್ರ. ಮಳೆ ಬಂದ ದಿನ ಒಮ್ಮೆಯೂ ಇಲ್ಲ. ‘ಲಟಕ್’ ಬರುತ್ತಿದ್ದದ್ದು ಮಳೆ ಬಿಸಿಲೆನ್ನದೆ, ಸ್ಟಿಯರಿಂಗ್ ನೇರವಾಗಿದ್ದು ಚಕ್ರ ಸಣ್ಣ ಗುಂಡಿಗೆ ಬಿದ್ದಾಗ. ಒಂದು ನಿಂತಾಗ, ಇನ್ನೊಂದು ಓಡುವಾಗ. ಇವು ಒಂದೇ ದೋಷವಾಗಿರಲು ಸಾಧ್ಯವೇ ಇರಲಿಲ್ಲ. ತೊಳೆದ ಕಾರಿನಲ್ಲಿ ಸದ್ದು ಏಕೆ ಬಂದಿರಲಿಲ್ಲ ಎಂಬುದೂ ಆಗ ಹೊಳೆಯಿತು. ಶಬ್ದದ ದೂರಿಗೆ ಕಾರು ಬಿಡುವವರು ಮೊದಲು ಹೇಳಬೇಕಾದ ಮಾತು ಇದು: ಪರೀಕ್ಷೆ ಮುಗಿಯುವವರೆಗೆ ಕಾರು ತೊಳೆಯಬೇಡಿ.

ಸಹೋದ್ಯೋಗಿಯೊಬ್ಬರು ಬನ್ನಿಮಂಟಪದ ಕಡೆ ಒಂದು ಹಳೆಯ ಗ್ಯಾರೇಜಿಗೆ ಹೋಗಲು ಹೇಳಿದರು. ದಸರೆಯ ದಿನಗಳಲ್ಲಿ ಅತ್ತ ಕಾರು ಒಯ್ಯುವುದು ಸಾಧ್ಯವಿರಲಿಲ್ಲ. ಜಂಬೂಸವಾರಿಯ ಮೆರವಣಿಗೆ ಕೊನೆಗೊಳ್ಳುವುದೂ ಪಂಜಿನ ಕವಾಯತು ನಡೆಯುವುದೂ ಅಲ್ಲೇ. ವಿಜಯದಶಮಿ ಕಳೆದು ಅಕ್ಟೋಬರ್ 5ರ ಭಾನುವಾರ ಹೋದೆ. ಆಯುಧಪೂಜೆಗೆ ಬಳಿದ ಕುಂಕುಮ ಜ್ಯಾಕ್‌ನ ಮೇಲೆ ಇನ್ನೂ ಹಾಗೇ ಇತ್ತು. ಆ ಮೆಕ್ಯಾನಿಕ್‌ಗೆ ಅರವತ್ತು ದಾಟಿರಬಹುದು. ‘ಕಿತ್ತಳೆ ಬಣ್ಣದ ಹೈವೋಲ್ಟೇಜ್ ವೈರ್ ಇರುವ ಗಾಡಿಗೆ ನಾನು ಸ್ಪ್ಯಾನರ್ ಹಾಕುವುದಿಲ್ಲಮ್ಮ. ಏನನ್ನೂ ಬಿಚ್ಚುವುದಿಲ್ಲ, ಕೇಳಿ ನೋಡಿ ಹೇಳುತ್ತೇನೆ’ ಎಂದರು. ನನಗೂ ಅದೇ ಬೇಕಿತ್ತು. ಹೊರಗೆ ಏನಾದರೂ ಬಿಚ್ಚಿಸಿದ್ದರೆ ವಾರಂಟಿಯ ತಕರಾರು ಎದ್ದೇಳುತ್ತಿತ್ತು.

ಅವರು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಬಹುಪಾಲು ನೀವೇ ಮನೆಯಲ್ಲಿ ಮಾಡಬಹುದು. ಮೊದಲು ಪವರ್ ಸ್ಟಿಯರಿಂಗ್ ಕೆಲಸ ಮಾಡದ ಸ್ಥಿತಿಯಲ್ಲಿ, ಅಂದರೆ ಕಾರನ್ನು ಓಡುವ ಸ್ಥಿತಿಗೆ ತರದೆ, ಸ್ಟಿಯರಿಂಗ್ ಬೀಗ ಮಾತ್ರ ತೆರೆದು ತಿರುಗಿಸಲು ಹೇಳಿದರು. ಬಹಳ ಬಿಗಿ, ಎರಡೂ ಕೈಯಲ್ಲಿ ಎಳೆಯಬೇಕಾಯಿತು, ಆದರೆ ‘ಟೊಂಯ್’ ಬಂತು. ಹಾಗಾದರೆ ಸ್ಟಿಯರಿಂಗಿಗೆ ಬಲ ಕೊಡುವ ಮೋಟಾರಿನದಲ್ಲ ಎಂದರು. ಈ ಮೋಟಾರಿನ ಸದ್ದು ಬೇರೆ, ಜೇನುನೊಣದ ಗುಂಯ್‌ಗುಡುವಿಕೆಯಂತೆ ಸಣ್ಣಗೆ, ಅಖಂಡವಾಗಿ ಇರುತ್ತದೆ. ಅಷ್ಟು ಇದ್ದರೆ ಹೆದರಬೇಕಾಗಿಲ್ಲ.

ಆಮೇಲೆ ಕಾರು ಚಾಲೂ ಮಾಡಿಸಿ, ತಾವು ಬಲ ಮುಂಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಚಕ್ರದ ಮೇಲಿನ ಸಂದಿನಿಂದ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟರು. ಬೆರಳು ಸುರುಳಿಗಳ ನಡುವೆ ಸಿಕ್ಕಿಕೊಳ್ಳದಂತೆ ಚಪ್ಪಟೆಯಾಗಿ ಇಡಬೇಕು ಎಂದು ತೋರಿಸಿದರು. ಗ್ಯಾರೇಜಿನ ಹುಡುಗ ನಿಧಾನವಾಗಿ ಸ್ಟಿಯರಿಂಗ್ ತಿರುಗಿಸಿದ. ನನ್ನನ್ನೂ ಕರೆದು ಕೈ ಇಡಲು ಹೇಳಿದರು. ಸ್ಪ್ರಿಂಗ್ ಸುಮಾರು ಕಾಲು ಸುತ್ತಿನವರೆಗೆ ಅಲುಗಲೇ ಇಲ್ಲ. ಒಳಗೊಳಗೇ ಬಿಗಿಯುತ್ತಿರುವುದು ಅಂಗೈಗೆ ತಿಳಿಯುತ್ತಿತ್ತು, ಹಗ್ಗಕ್ಕೆ ಹುರಿ ಏರಿದಂತೆ. ಆಮೇಲೆ ಒಮ್ಮೆಗೇ ಜಿಗಿಯಿತು. ‘ಟೊಂಯ್!’ ಎರಡು ತಿಂಗಳು ನನ್ನನ್ನು ಕಾಡಿದ ಸದ್ದು ಅಂಗೈಯ ಕೆಳಗೇ ಹುಟ್ಟಿದ್ದನ್ನು ಕಂಡೆ. ಎಡಗಡೆ ಹಾಗೇ ಕೈಯಿಟ್ಟಾಗ ಸ್ಪ್ರಿಂಗ್ ಸಲೀಸಾಗಿ ಚಕ್ರದ ಜೊತೆಗೇ ತಿರುಗಿತು.

ಕಾರಣ ಇಷ್ಟೇ. ಸ್ಟ್ರಟ್‌ನ (ಸ್ಪ್ರಿಂಗಿನ ನಡುವೆ ನಿಂತು ಕುಲುಕಾಟ ತಡೆಯುವ ಕಂಬ) ಕೆಳಭಾಗ ಮತ್ತು ಸ್ಪ್ರಿಂಗ್ ಚಕ್ರದ ಜೊತೆ ತಿರುಗುತ್ತವೆ, ಅದನ್ನು ಮೇಲೆ ಹಿಡಿದಿಡುವ ಮೌಂಟ್ ಕಾರಿನ ಮೈಗೆ ಬಿಗಿದಿರುತ್ತದೆ. ಇವೆರಡರ ನಡುವೆ ಒಂದು ತೆಳು ಬೇರಿಂಗ್. ಅದಕ್ಕೆ ನೀರು, ಧೂಳು ಸೇರಿ ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಂಡು ಆಮೇಲೆ ಜಿಗಿಯುತ್ತದೆ. ಒದ್ದೆಯಾದಾಗ ಜಾರುವುದರಿಂದ ಸದ್ದಿಲ್ಲ. ಕೊನೆಗೆ ಮುಂಭಾಗವನ್ನು ಜ್ಯಾಕ್‌ನಲ್ಲಿ ಎತ್ತಿ ಸ್ಟಿಯರಿಂಗ್ ತಿರುಗಿಸಿದಾಗ ಸದ್ದು ಮಾಯ. ಭಾರ ಬಿದ್ದಾಗ ಮಾತ್ರ ಬರುವ ಸದ್ದು ಎಂಬುದು ಖಚಿತವಾಯಿತು. ಎಲೆಕ್ಟ್ರಿಕ್ ಕಾರಿನ ನೆಲದಡಿಯಲ್ಲಿ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಕೈಪಿಡಿಯಲ್ಲಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಜ್ಯಾಕ್ ಕೊಡಬೇಡಿ.

‘ಲಟಕ್’ ಹುಡುಕಲು ಗ್ಯಾರೇಜಿನ ಹಿಂದಿನ ಮಣ್ಣುರಸ್ತೆಯಲ್ಲಿ ಹೋದೆವು. ಸ್ಟಿಯರಿಂಗನ್ನು ಸಡಿಲವಾಗಿ ಹಿಡಿದರೆ ಬಡಿತ ಸ್ಪಷ್ಟ. ಅದೇ ಜಾಗದಲ್ಲಿ ಸ್ವಲ್ಪ ಒಂದು ಕಡೆಗೆ ಎಳೆದು ಹಿಡಿದರೆ ಬಡಿತವಿಲ್ಲ. ‘ಎಲ್ಲೋ ಒಂದು ಕೀಲಿನಲ್ಲಿ ಸಡಿಲ ಇದೆ. ಎಳೆದಾಗ ಅದು ಒಂದು ಕಡೆಗೆ ಒತ್ತಿಕೊಳ್ಳುತ್ತದೆ, ಅದಕ್ಕೇ ಸುಮ್ಮನಾಗುತ್ತದೆ’ ಎಂದರು. ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ತುದಿಗಳನ್ನೂ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಗುಂಡು ಕೀಲನ್ನೂ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿದ್ದವು. ಸ್ಟೆಬಿಲೈಸರ್ ಸರಳಿನ ರಬ್ಬರ್ ಬುಷ್‌ಗೆ ನೀರು ಚಿಮುಕಿಸಿ ಮತ್ತೆ ಓಡಿಸಿದರು. ರಬ್ಬರಿನ ಸದ್ದಾಗಿದ್ದರೆ ನೀರು ಬಿದ್ದ ಕೂಡಲೇ ಸ್ವಲ್ಪ ಹೊತ್ತು ಅಡಗುತ್ತದೆ. ಇದು ಅಡಗಲಿಲ್ಲ. ಕೊನೆಗೆ ನನ್ನ ಕಾಲಿನ ಬಳಿ ಟಾರ್ಚ್ ಬಿಟ್ಟು ಪೆಡಲುಗಳ ಮೇಲೆ ಒಂದು ದಂಡ ತೋರಿಸಿದರು. ಸ್ಟಿಯರಿಂಗ್ ಕಂಬದಿಂದ ಕೆಳಗೆ ಚಕ್ರಗಳನ್ನು ತಿರುಗಿಸುವ ರ್‍ಯಾಕ್‌ಗೆ ತಿರುವನ್ನು ಒಯ್ಯುವ ಮಧ್ಯದ ಶಾಫ್ಟ್ ಅದು, ಎರಡು ತುದಿಗೆ ಯೂನಿವರ್ಸಲ್ ಜಾಯಿಂಟ್ ಎಂಬ ಬಾಗುವ ಕೀಲು. ‘ಮನೆಗೆ ಹೋಗಿ ಇದರ ಮೇಲೆ ಬೆರಳಿಟ್ಟು ನೋಡಿ’ ಎಂದು ಕಳುಹಿಸಿದರು. ಒಂದೂವರೆ ಗಂಟೆಯ ಕೆಲಸಕ್ಕೆ ಹಣವೇ ಬೇಡವೆಂದರು. ಹುಡುಗನ ಕೈಗೆ ಬಲವಂತವಾಗಿ 300 ಕೊಟ್ಟು ಬಂದೆ.

ಅಂದು ಸಂಜೆ ಅಣ್ಣನ ಮಗಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಪೆಡಲು ಮುಟ್ಟಬೇಡ, ಸ್ಟಿಯರಿಂಗನ್ನು ಎರಡೇ ಬೆರಳಿನಷ್ಟು ಎಡಕ್ಕೆ ಬಲಕ್ಕೆ ಅಲ್ಲಾಡಿಸು ಎಂದು ಹೇಳಿ, ಕಾರನ್ನು ಪೂರ್ತಿ ಆಫ್ ಮಾಡಿ, ನಾನು ನೆಲದ ಮ್ಯಾಟಿನ ಮೇಲೆ ತಲೆಯಿಟ್ಟು ಒಳಗೆ ಕೈ ಚಾಚಿದೆ. ಮೇಲಿನ ಜಾಯಿಂಟ್ ಮೌನ. ಕೆಳಗಿನದರ ಮೇಲೆ ಹೆಬ್ಬೆರಳಿಟ್ಟಾಗ, ಪ್ರತಿ ಅಲುಗಾಟಕ್ಕೂ ‘ಟಿಕ್, ಟಿಕ್’ ಎಂದು ನಾಡಿಯಂತೆ ಬಡಿಯುತ್ತಿತ್ತು. ಅದನ್ನೂ ಸ್ಪ್ರಿಂಗ್ ಜಿಗಿಯುವುದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ. ಬೆರಳಿಟ್ಟು ನೋಡುವುದಕ್ಕಿಂತ ಮುಂದೆ ನೀವಾಗಿಯೇ ಹೋಗಬೇಡಿ. ಸ್ಟಿಯರಿಂಗ್ ಒಳಗೆ ಏರ್‌ಬ್ಯಾಗ್ ಇದೆ. ಶಾಫ್ಟ್ ಬಿಚ್ಚಿದಾಗ ಸ್ಟಿಯರಿಂಗ್ ಚಕ್ರ ಸುಮ್ಮನೆ ಸುತ್ತಿಬಿಟ್ಟರೆ ಅದಕ್ಕೆ ಹೋಗುವ ಏರ್‌ಬ್ಯಾಗಿನ ಸುರುಳಿ ಕೇಬಲ್ ತುಂಡಾಗಬಹುದು.

ಅಕ್ಟೋಬರ್ 8ಕ್ಕೆ ಮೂರನೆಯ ಭೇಟಿ. ಈ ಸಲ ಜಾಬ್ ಕಾರ್ಡ್‌ನಲ್ಲಿ ಎರಡು ದೂರು, ಎರಡು ಸಾಲಿನಲ್ಲಿ, ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬುದರ ಸಮೇತ ನಾನೇ ಹೇಳಿ ಬರೆಸಿದೆ. ಹಿರಿಯ ತಂತ್ರಜ್ಞರನ್ನು ಕರೆಸಿ ಜೊತೆಗೆ ಹೋದೆ. ವಿಡಿಯೋ ನೋಡಿ, ನೋಟ್‌ಬುಕ್ ಓದಿ, ಸ್ಪ್ರಿಂಗಿಗೆ ಕೈಯಿಟ್ಟು, ಇಪ್ಪತ್ತೇ ನಿಮಿಷದಲ್ಲಿ ಅವರು ಎರಡನ್ನೂ ಒಪ್ಪಿದರು. ಇಷ್ಟು ದಿನ ಯಾರೂ ನಂಬದ ಮಾತನ್ನು ಒಬ್ಬರು ನಂಬಿದಾಗ ಆದ ಸಮಾಧಾನ ದೊಡ್ಡದು.

ತಕರಾರು ಬಂದದ್ದು ಹಣದ ವಿಷಯಕ್ಕೆ. ಶಾಫ್ಟ್ ವಾರಂಟಿಯಲ್ಲಿ ಕೊಡುತ್ತೇವೆ, ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್ ಸವೆಯುವ ಭಾಗ ಎಂದರು. ನಾನು ವಾರಂಟಿ ಪುಸ್ತಿಕೆ ಜೊತೆಗೇ ಒಯ್ದಿದ್ದೆ. ಹೊರಗಿಟ್ಟ ಭಾಗಗಳ ಪಟ್ಟಿಯಲ್ಲಿ ರಬ್ಬರ್ ಬುಷ್, ಮೌಂಟ್ ಎಂದಿತ್ತು. ಬೇರಿಂಗ್ ಎಂಬ ಪದ ಇರಲಿಲ್ಲ. ಅದನ್ನು ತೋರಿಸಿ, ಲಿಖಿತ ಉತ್ತರ ಕೊಡಿ ಎಂದು ಕೇಳಿದೆ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಸಿದ್ಧಳಾಗಿಯೇ ಹೋಗಿದ್ದೆ, ಅದರ ಅಗತ್ಯ ಬೀಳಲಿಲ್ಲ. ಎರಡು ದಿನ ಬಿಟ್ಟು, ಬೇರಿಂಗ್ ಮತ್ತು ಕೂಲಿ ವಾರಂಟಿಯಲ್ಲಿ, ಮೌಂಟ್ ನನ್ನ ಖರ್ಚಿನಲ್ಲಿ ಎಂದು ಒಪ್ಪಿದರು. ಎರಡಕ್ಕೂ ಬಿಚ್ಚುವ ಕೆಲಸ ಒಂದೇ ಆದ್ದರಿಂದ ಕೂಲಿ ಉಳಿಯಿತು. ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 18 ಶೇಕಡಕ್ಕೆ ಇಳಿದಿದ್ದರಿಂದ 2,900ರ ಮೌಂಟ್ ಜೋಡಿಗೆ 3,422 ಆಯಿತು. ಹಳೆಯ ದರದಲ್ಲಿ 3,712 ಆಗುತ್ತಿತ್ತು.

ವಾರಂಟಿ ಮುಗಿಯುತ್ತಾ ಬಂದವರಿಗೆ ಒಂದು ಮಾತು. ಭಾಗ ಬರುವುದು ತಡವಾದರೂ ದೂರು ದಾಖಲಾದ ದಿನ ವಾರಂಟಿಯ ಒಳಗಿರಬೇಕು. ಜಾಬ್ ಕಾರ್ಡ್‌ನ ಪ್ರತಿ ಕೈಯಲ್ಲಿ ಇಲ್ಲದೆ ಅಲ್ಲಿಂದ ಏಳಬೇಡಿ.

ಬೇರಿಂಗ್ ಆರು ದಿನಕ್ಕೆ ಬಂತು. ಶಾಫ್ಟ್ ಬಂದ ಮೇಲೆ ಎರಡನ್ನೂ ಒಟ್ಟಿಗೆ ಮಾಡೋಣ ಎಂದರು, ನಾನು ಒಪ್ಪಲಿಲ್ಲ. ಒಂದನ್ನು ಮಾಡಿ, ಓಡಿಸಿ, ಯಾವ ಸದ್ದು ಹೋಯಿತು ಎಂದು ನೋಡಿದ ಮೇಲೆ ಇನ್ನೊಂದು. ಅಕ್ಟೋಬರ್ 17ರಂದು ಕಾರ್ಯಾಗಾರದ ಒಳಗೆ ನಿಲ್ಲಲು ಅನುಮತಿ ಪಡೆದು ನೋಡಿದೆ. ಬಲಗಡೆಯ ಬೇರಿಂಗನ್ನು ನನ್ನ ಅಂಗೈಗೆ ಹಾಕಿದರು. ಬಳೆಯಷ್ಟು ಅಗಲ. ಒಳಗಿನ ಗ್ರೀಸ್ ಕಾಫಿ ಗಸಿಯಂತೆ ಕಂದಾಗಿ ಗಟ್ಟಿಯಾಗಿತ್ತು, ಗುಂಡುಗಳ ಮೇಲೆ ತುಕ್ಕು. ತಿರುಗಿಸಿದರೆ ಮರಳು ಕಡಿದಂತೆ ಕರಕರ ಎನ್ನುತ್ತಿತ್ತು. ಕಾರು ಇಳಿಸಿ ಎಷ್ಟು ತಿರುಗಿಸಿದರೂ ‘ಟೊಂಯ್’ ಇಲ್ಲ. ‘ಲಟಕ್’ ಮಾತ್ರ ಹಾಗೇ ಇತ್ತು, ಇರಬೇಕಾದದ್ದೂ ಹಾಗೆಯೇ.

ಶಾಫ್ಟ್‌ಗೆ ಇಪ್ಪತ್ತಮೂರು ದಿನ ಕಾಯಬೇಕಾಯಿತು, ನಡುವೆ ದೀಪಾವಳಿಯೂ ಬಂತು. ಬೋಲ್ಟುಗಳು ಬಿಗಿಯಾಗಿವೆ, ಊರೊಳಗೆ ನಿಧಾನವಾಗಿ ಓಡಿಸಬಹುದು ಎಂದು ಬರೆದುಕೊಟ್ಟಿದ್ದರು. ಆದರೂ ನಂಜನಗೂಡಿಗೆ ನಾನು ಬಸ್ಸಿನಲ್ಲೇ ಹೋದೆ. ಮನಸ್ಸು ಒಪ್ಪದಿರುವಾಗ ಕೈ ಸ್ಟಿಯರಿಂಗ್ ಮೇಲೆ ನಿಲ್ಲುವುದಿಲ್ಲ.

ನವೆಂಬರ್ 3ರ ಸೋಮವಾರ ಶಾಫ್ಟ್ ಬದಲಾಯಿತು. ಕೆಲಸಕ್ಕೆ ಮುನ್ನ 12 ವೋಲ್ಟ್ ಬ್ಯಾಟರಿಯ ತಂತಿ ಕಳಚಿದ್ದರಿಂದ, ಮತ್ತೆ ಜೋಡಿಸಿದಾಗ ಹಳದಿ ಸ್ಟಿಯರಿಂಗ್ ದೀಪ ಹೊತ್ತಿ, ಪವರ್ ನೆರವು ಇಲ್ಲದೆ ಸ್ಟಿಯರಿಂಗ್ ಕಲ್ಲಿನಂತಾಯಿತು. ನನ್ನ ಎದೆ ಧಸಕ್ಕೆಂದಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ತಿರುಗಿಸಿದ ಮೇಲೆ ದೀಪ ಆರಿತು. ಆದರೆ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು, ಅವರು ಅದನ್ನು ಮಾಡಿರಲಿಲ್ಲ. ಮರುದಿನ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್‌ಗೆ 900 ಕೊಟ್ಟು, ಸ್ಕ್ಯಾನರ್ ಹಾಕಿಸಿ ಸ್ಟಿಯರಿಂಗ್ ಕೋನದ ಸೆನ್ಸರಿಗೆ ಹೊಸ ನೇರವನ್ನು ತಿಳಿಸಿದ ಮೇಲೆಯೇ ಸರಿಯಾಯಿತು. ಈ ಎರಡನ್ನೂ ಜಾಬ್ ಕಾರ್ಡ್‌ನಲ್ಲಿ ಮೊದಲೇ ಬರೆಸಿ, ಒಂದು ದಿನ ಉಳಿಯುತ್ತದೆ.

ಸರ್ವಿಸ್ ಕೇಂದ್ರಕ್ಕೆ ಕೊಟ್ಟದ್ದು ಒಟ್ಟು 7,518 ರೂಪಾಯಿ. ಅದರಲ್ಲಿ ಮೊದಲ ಎರಡು ಭೇಟಿಗಳ 3,196 ಯಾವ ಶಬ್ದವನ್ನೂ ಅಡಗಿಸಲಿಲ್ಲ.

ಕಳೆದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದೆ. ತಿರುವುಗಳಲ್ಲಿ ಅಮ್ಮ ಕಿವಿಗೊಟ್ಟು ಕುಳಿತಿದ್ದರು. ಇಳಿದ ಮೇಲೆ, ಡಿಸೆಂಬರ್‌ನಲ್ಲಿ ಸುಬ್ರಹ್ಮಣ್ಯಕ್ಕೆ ಮತ್ತೆ ಹೋಗೋಣ ಎಂದರು. ಬಲಗಡೆಯ ಲೋಯರ್ ಆರ್ಮ್ ಬುಷ್‌ನಲ್ಲಿ ಸಣ್ಣ ಬಿರುಕುಗಳಿವೆ, ಮುಂದಿನ ಸರ್ವಿಸ್‌ನಲ್ಲಿ ನೋಡೋಣ ಎಂದು ತಂತ್ರಜ್ಞರು ಹೇಳಿದ್ದಾರೆ. ನೋಟ್‌ಬುಕ್‌ನ ಹೊಸ ಪುಟದಲ್ಲಿ ದಿನಾಂಕ ಹಾಕಿ ಅದನ್ನು ಬರೆದಿಟ್ಟಿದ್ದೇನೆ.